ವಾರಿಜಕ್ಕನ ಪಾಲಿನ ಜ್ವರ

ನಮ್ಮೂರಿನಲ್ಲಿ ಜ್ವರ ಪ್ರಯಾಣಕ್ಕೆ ಮೊದಲೇ ಬಂದುಹೋಗುತ್ತದೆ. ಘಟ್ಟದ ಮೇಲಿನ ಪೇಟೆಗೆ ಹೋಗುವವರಿಗೆ ಹೊರಡುವ ಮುಂಚೆ ಒಂದು ದಿನ ಕೆಮ್ಮು. ರಾಜಧಾನಿಗೆ ಹೋಗುವವರಿಗೆ ಎರಡು ದಿನ ಗಂಟಲು ನೋವು, ಜೊತೆಗೆ ಸ್ವಲ್ಪ ಸಿಡುಕು. ಬಸ್ಸಿನ ಡ್ರೈವರ್ ಸಂಜೀವನಿಗೆ ವರ್ಷವಿಡೀ ನೆಗಡಿ. ಕಡಲಾಚೆಯ ದ್ವೀಪಕ್ಕೆ ಹೋಗುವವರದ್ದು ಮಾತ್ರ ದೊಡ್ಡ ಜ್ವರ. ಒಂಬತ್ತು ದಿನ ಮಲಗಿಸುತ್ತದೆ. ಹಾಗೆ ಮಲಗಿ ಎದ್ದವರನ್ನು ಆ ದ್ವೀಪದ ಸೊಳ್ಳೆಯಾಗಲಿ ನೀರಾಗಲಿ ಕೊಲ್ಲುವುದಿಲ್ಲ. ಮಲಗದೆ ಹೋದವರು ವಾಪಸು ಬರುವುದಿಲ್ಲ; ಬಂದರೂ ನಡೆದುಕೊಂಡು ಬರುವುದಿಲ್ಲ.

ಈ ಜ್ವರ ಯಾರಿಗೆ ಬರುತ್ತದೆ ಎಂದರೆ, ಪ್ರಯಾಣದ ಚೀಲದ ಬಾಯಿ ಕಟ್ಟಿದವರಿಗೆ. ಆದ್ದರಿಂದ ನಮ್ಮಲ್ಲಿ ತಮ್ಮ ತಮ್ಮ ಚೀಲವನ್ನು ತಾವೇ ಕಟ್ಟಿಕೊಳ್ಳಬೇಕು. ಮಗಳ ಮೇಲಿನ ಅಕ್ಕರೆಯಿಂದ ಅವಳ ಚೀಲ ಕಟ್ಟಿಕೊಟ್ಟು ಮಲಗಿದ ತಾಯಂದಿರು ಇದ್ದಾರೆ. ಮಗಳು ಮನೆಯಲ್ಲೇ ಉಳಿದು ತಾಯಿಯೇ ಹೊರಡಬೇಕಾಯಿತು. ಕೊಬ್ಬರಿ ವ್ಯಾಪಾರದ ಪಾಂಡುರಂಗ ಶೇಟರು ಸೊಂಟ ನೋವೆಂದು ಚೀಲವನ್ನು ಆಳು ಐತಪ್ಪನಿಂದ ಕಟ್ಟಿಸಿದರು. ಐತಪ್ಪ ಒಂಬತ್ತು ದಿನ ಮಲಗಿದ, ಎದ್ದ, ಹಡಗು ಹತ್ತಿದ. ಅವನೀಗ ದ್ವೀಪದಲ್ಲಿ ಎರಡು ಅಂಗಡಿ ಇಟ್ಟಿದ್ದಾನೆ, ಶೇಟರ ಕಾಗದಗಳಿಗೆ ಉತ್ತರ ಬರೆಯುವುದಿಲ್ಲ. ಊರು ಇದಕ್ಕೆಲ್ಲ ಹೊಂದಿಕೊಂಡಿದೆ. ಮದುವೆಯ ದಿನ ಗೊತ್ತುಮಾಡುವಾಗ ನೆಂಟರ ಪೈಕಿ ಯಾರಿಗೆ ಜ್ವರ ಬರಲಿಕ್ಕಿದೆ ಎಂದು ಮೊದಲು ವಿಚಾರಿಸುತ್ತಾರೆ. ದಾಮೋದರನ ಹೋಟೆಲಿನಲ್ಲಿ ದ್ವೀಪದ ಹಡಗು ಹೊರಡುವ ಮೇ ತಿಂಗಳು ಬಂತೆಂದರೆ ಗಂಜಿಗೆ ಬೇರೆಯೇ ಒಲೆ ಹಚ್ಚುತ್ತಾರೆ.

ನಾನು ಪ್ರಯಾಣ ಆರೋಗ್ಯ ಕಚೇರಿಯ ಕಂಪೌಂಡರ್. ಡಾಕ್ಟರು ತಿಂಗಳಿಗೊಮ್ಮೆ ಬಂದು ಸೂಜಿ ಚುಚ್ಚಿ ಹೋಗುತ್ತಾರೆ, ಉಳಿದ ಕೆಲಸವೆಲ್ಲ ನನ್ನದು. ದ್ವೀಪದಲ್ಲಿ ಆಸ್ಪತ್ರೆ ಎಂಬುದಿಲ್ಲ. ದೋಣಿಯಲ್ಲಿ ಸುತ್ತುವ ಒಬ್ಬ ಡಾಕ್ಟರಿದ್ದಾರೆ. ಅವರು ಬಂದ ದಿನ ಕಾಯಿಲೆ ಬೀಳುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಬೇಕಾದದ್ದನ್ನೆಲ್ಲ ಇಲ್ಲಿಂದಲೇ ಒಯ್ಯಬೇಕು. ಎರಡು ಸೊಳ್ಳೆಪರದೆ, ವಾರಕ್ಕೊಂದರಂತೆ ಕಹಿ ಮಾತ್ರೆ, ಭೇದಿ ಹತ್ತಿದರೆ ಕುದಿಸಿ ಆರಿಸಿದ ನೀರಿಗೆ ಹಾಕಲು ಓಆರ್‌ಎಸ್ ಪುಡಿ, ಗಾಯಕ್ಕೆ ಮುಲಾಮು, ಹವಳದ ಕಲ್ಲು ಕಾಲು ಕೊಯ್ಯದಂತೆ ರಬ್ಬರ್ ಬೂಟು, ಅಗಲ ಅಂಚಿನ ಟೊಪ್ಪಿ. ಇದು ಸರಕಾರದ ಪಟ್ಟಿ. ಕೆಳಗೆ ನಾನು ನನ್ನ ಕೈಯಿಂದಲೂ ಒಂದೆರಡು ಸೇರಿಸುತ್ತಿದ್ದೆ. ಒಂದು ಕೈಗನ್ನಡಿ, ಯಾಕೆಂದರೆ ಅಲ್ಲಿನ ಏಡಿಗಳು ತಮ್ಮ ಮುಖ ಕಂಡರೆ ನಾಚಿ ಹಿಂದೆ ಹೋಗುತ್ತವೆ. ಒಂದು ಮೊಳ ಕೆಂಪು ದಾರ, ಯಾಕೆಂದರೆ ಅಲ್ಲಿನ ಸೊಳ್ಳೆಗಳು ಗುಬ್ಬಿಯಷ್ಟು ದೊಡ್ಡವು, ಕಾಲಿಗೆ ದಾರ ಕಟ್ಟಿ ಪಳಗಿಸಬಹುದು. ನಾನು ದ್ವೀಪಕ್ಕೆ ಹೋದವನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಕನ್ನಡಿ ಒಯ್ಯುತ್ತಿದ್ದರು. ದಾಮೋದರನ ಅಳಿಯ ಅಲ್ಲಿಂದ ಕಾಗದ ಬರೆದು, ಕನ್ನಡಿಯಿಂದ ತುಂಬ ಉಪಕಾರವಾಯಿತು ಎಂದಿದ್ದ.

ಸೊಳ್ಳೆಪರದೆ ಹೊಲಿಯುತ್ತಿದ್ದವರು ವಾರಿಜಕ್ಕ. ಕಚೇರಿಯ ಎದುರು ರಸ್ತೆಯಾಚೆ ಅವರ ಜಗಲಿ, ಜಗಲಿಯಲ್ಲಿ ಕಾಲಿನಿಂದ ತುಳಿಯುವ ಮಿಷನ್ನು. ನಾನು ಕೆಲಸಕ್ಕೆ ಸೇರಿದ ವರ್ಷವೇ ಅವರೂ ಮಿಷನ್ನು ಕೊಂಡದ್ದು. ಹಾಗೆ ಇಪ್ಪತ್ತಾರು ವರ್ಷ ನನ್ನ ಕಿಟಕಿಯಿಂದ ಅವರು ಕಾಣುತ್ತಿದ್ದರು. ನನಗಿಂತ ಮೂರು ವರ್ಷ ಚಿಕ್ಕವರು. ಆದರೆ ಊರೆಲ್ಲ ಅಕ್ಕ ಎನ್ನುವಾಗ ನಾನೊಬ್ಬ ಬೇರೆ ಥರ ಕರೆದರೆ ಮಾತಾಗುತ್ತದೆಂದು ನಾನೂ ಅಕ್ಕ ಎಂದೇ ಕರೆದೆ. ಕರೆದ ಮೇಲೆ ಅದು ಹಾಗೆಯೇ ಉಳಿಯಿತು. ನನಗೆ ಮನೆಯಲ್ಲಿ ಯಾರೂ ಇರಲಿಲ್ಲ, ಅವರಿಗೂ ಇರಲಿಲ್ಲ. ಅವರಿಗೆ ಇದ್ದದ್ದು ಒಬ್ಬ ಅಣ್ಣ, ಗಂಗಾಧರ. ಇಪ್ಪತ್ತೆರಡು ವರ್ಷದ ಹಿಂದೆ ಹಡಗಿನಲ್ಲಿ ಅಡುಗೆಯವನಾಗಿ ಹೋಗಿ, ದ್ವೀಪದಲ್ಲೇ ಇಳಿದು, ಬ್ರೆಡ್ಡು ಸುಡುವ ಭಟ್ಟಿ ಹಾಕಿಕೊಂಡು ನಿಂತವನು.

ಆ ವರ್ಷ ಒಣಮೀನಿನ ದೋಣಿಯಲ್ಲಿ ಗಂಗಾಧರನ ಕಾಗದ ಬಂತು. ಬೇರೆ ಯಾರದೋ ಅಕ್ಷರ. ಸಕ್ಕರೆ ಕಾಯಿಲೆಯಿಂದ ಅವನ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಹೋಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ಇರುವುದಿಲ್ಲ ಎಂದು ದೋಣಿಯ ಡಾಕ್ಟರು ಹೇಳಿದ್ದರಂತೆ. ವಾರಿಜಕ್ಕ ಕಳಿಸಿದ ಫೋಟೊ ಅವನಿಗೆ ಬೂದಿ ಬಣ್ಣದ ಕಲೆಯಂತೆ ಕಂಡಿತಂತೆ. ಕೊನೆಯಲ್ಲಿ ಬರೆಸಿದ್ದ: ಈ ಹಡಗಿಗೆ ಬಂದುಬಿಡು, ನಿನ್ನ ಮುಖ ಒಮ್ಮೆ ನೋಡಿಟ್ಟುಕೊಳ್ಳುತ್ತೇನೆ.

ಜನರನ್ನು ಹತ್ತಿಸುವ ಹಡಗು ವರ್ಷಕ್ಕೆ ಒಂದೇ. ಒಣಮೀನಿನ ದೋಣಿ ಟಪಾಲು ತರುತ್ತದೆ, ಜನರನ್ನು ಕೂರಿಸಿಕೊಳ್ಳುವುದಿಲ್ಲ. ಊರಿಗೆಲ್ಲ ಪರದೆ ಹೊಲಿದ ವಾರಿಜಕ್ಕ ಮೊದಲ ಸಲ ತನಗೆ ಎರಡು ಹೊಲಿದುಕೊಂಡರು. ಹಡಗಿಗೆ ಇಪ್ಪತ್ತು ದಿನ ಇರುವಾಗ ಸಾಮಾನೆಲ್ಲ ತುಂಬಿದ ಕ್ಯಾನ್ವಾಸ್ ಚೀಲ ಹೊತ್ತು ರಸ್ತೆ ದಾಟಿ ಕಚೇರಿಗೆ ಬಂದರು. ಪಟ್ಟಿ ನೋಡಿ ಗುರುತು ಹಾಕುವುದು ನನ್ನ ಕೆಲಸ, ನನ್ನೆದುರು ಚೀಲದ ಬಾಯಿಗೆ ಹಗ್ಗ ಬಿಗಿಯುವುದು ಅವರ ಕೆಲಸ. ಗಂಟು ಬಿದ್ದ ಮೂರನೆಯ ದಿನಕ್ಕೆ ಜ್ವರ, ಅಲ್ಲಿಂದ ಒಂಬತ್ತು ದಿನ, ಒಟ್ಟು ಹನ್ನೆರಡು. ಬೇಕಾದಷ್ಟು ಸಮಯವಿತ್ತು.

ನಾನು ಒಂದೊಂದಾಗಿ ತೆಗೆದು ನೋಡಿದೆ. ಮಾತ್ರೆ ಇತ್ತು, ಬೂಟು ಇತ್ತು. ಅಣ್ಣನಿಗೆಂದು ಮಿಡಿ ಉಪ್ಪಿನಕಾಯಿಯ ಭರಣಿ, ಅಳತೆ ನೆನಪಿನಿಂದ ಹೊಲಿದ ಎರಡು ಅಂಗಿ. ಕನ್ನಡಿ ಇರಲಿಲ್ಲ. ಕೇಳಿದ್ದಕ್ಕೆ, ಏಡಿಗೆ ತೋರಿಸಲು ನನ್ನ ಮುಖವೇ ಸಾಕು ಎಂದರು. ಆಮೇಲೆ ಹಗ್ಗ ಹಿಡಿದರು. ಹಿಂದಿನ ವಾರ ಆರು ಜನರ ಪರದೆ ಹೊಲಿಯುವ ಅವಸರದಲ್ಲಿ ಮಿಷನ್ನಿನ ಸೂಜಿ ಅವರ ಹೆಬ್ಬೆರಳಿಗೆ ಹೊಕ್ಕು, ಬಟ್ಟೆ ಸುತ್ತಿದ್ದರು. ಮೊದಲ ಸುತ್ತು ಹಾಕಿದರು, ಎರಡನೆಯದೂ ಹಾಕಿದರು. ಬಿಗಿಯುವಾಗ ಹಗ್ಗ ಜಾರಿತು. ಎರಡು ಸಲ ಎಳೆದು, ಇದು ಬಿಗಿಯೇ ಆಗುವುದಿಲ್ಲ ಎಂದು ಕೈ ತೆಗೆದರು.

ನಾನು ಕೊನೆಯ ಎಳೆತ ಮಾತ್ರ ಎಳೆದೆ. ಅಷ್ಟೇ. ಹಗ್ಗ ಕಿರ್ರೆಂದು ಕೂತಿತು.

ವಾರಿಜಕ್ಕ ನನ್ನ ಕೈ ನೋಡಿದರು. "ನೀವು ಎಳೆದದ್ದು ಲೆಕ್ಕಕ್ಕೆ ಬರ್ತದಾ ಕಂಪೌಂಡರ್ರೆ?"

"ಇಲ್ಲ ಇಲ್ಲ. ಮೊದಲ ಸುತ್ತು ಯಾರದ್ದೋ ಜ್ವರ ಅವರದ್ದು," ಎಂದೆ.

ಊರಿನ ರೂಢಿ ಹಾಗಿಲ್ಲ. ಕೊನೆಗೆ ಬಿಗಿದವರದ್ದೇ ಜ್ವರ; ಐತಪ್ಪನ ವಿಷಯದಲ್ಲಿ ಶೇಟರು ವಾದ ಹೂಡಿದಾಗ ಊರಿನ ಹಿರಿಯರು ತೀರ್ಮಾನ ಮಾಡಿದ್ದೂ ಹಾಗೆಯೇ, ಸಾಕ್ಷಿ ಹೇಳಿದವನು ನಾನೇ. ವಾರಿಜಕ್ಕ ಆ ವ್ಯಾಜ್ಯಕ್ಕೆಲ್ಲ ಕಿವಿ ಕೊಟ್ಟವರಲ್ಲ, ನನ್ನ ಮಾತಿಗೆ ತಲೆಯಾಡಿಸಿದರು. ಹಗ್ಗ ಬಿಚ್ಚಿ ಇನ್ನೊಮ್ಮೆ ಕಟ್ಟಿ ಎನ್ನಲು ನನಗೆ ಅರ್ಧ ನಿಮಿಷ ಸಾಕಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಒಂದಕ್ಕಿಂತ ಹೆಚ್ಚು ಉತ್ತರ ಕೊಡಬಲ್ಲೆ, ಎಲ್ಲವೂ ಕೇಳಲು ಚೆನ್ನಾಗಿರುತ್ತವೆ. ಅವರು ಹೋಗದಿದ್ದರೆ ಕಿಟಕಿಯಾಚೆ ಎಂದಿನಂತೆ ಇರುತ್ತಾರೆ ಎಂಬುದು ಆ ಅರ್ಧ ನಿಮಿಷದಲ್ಲಿ ನನ್ನ ತಲೆಗೆ ಬಂದದ್ದು ನಿಜ.

ಮೂರನೆಯ ದಿನ ಬೆಳಿಗ್ಗೆ ಬಾಯಿಯಲ್ಲಿ ಜೀಗುಜ್ಜೆ ಪಲ್ಯದ ರುಚಿಯಿಟ್ಟುಕೊಂಡು ಎದ್ದೆ. ಜೀಗುಜ್ಜೆ ತಿಂದು ತಿಂಗಳಾಗಿತ್ತು. ಹಿಂದೆಯೇ ಕಾಲ್ಬೆರಳು ತಣ್ಣಗಾಯಿತು, ಪಶ್ಚಿಮದ ಕಡಲಿನ ಸದ್ದು ಪೂರ್ವದ ಕಡೆಯಿಂದ ಕೇಳಿಸತೊಡಗಿತು. ಇವು ದ್ವೀಪದ ಜ್ವರದ ಲಕ್ಷಣಗಳೆಂದು ನನ್ನ ಕೈಯಿಂದಲೇ ಬರೆದು ಕಚೇರಿಯ ಗೋಡೆಗೆ ಅಂಟಿಸಿದ್ದೆ. ವಿಚಾರಿಸಲು ಬಂದವರಿಗೆ, ಮಳೆಯಲ್ಲಿ ನೆನೆದೆ, ಮಾಮೂಲಿ ಜ್ವರ ಎಂದೆ. ಆ ವರ್ಷ ಇನ್ನೂ ಮಳೆ ಬಿದ್ದಿರಲಿಲ್ಲ. ಆದರೆ ಊರಿನ ಜ್ವರಕ್ಕೆಲ್ಲ ಹೆಸರಿಡುವವನು ನಾನೇ ಆದ್ದರಿಂದ ಯಾರೂ ಮರುಮಾತಾಡಲಿಲ್ಲ.

ಮಧ್ಯಾಹ್ನ ವಾರಿಜಕ್ಕ ಗಂಜಿ ತಂದರು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ನನ್ನ ಮಂಚಕ್ಕೆ ಪರದೆ ಇಲ್ಲದ್ದನ್ನು ಕಂಡು, ಊರಿಗೆಲ್ಲ ಬುದ್ಧಿ ಹೇಳುವವರ ಮನೆ ನೋಡಿ ಎಂದು ಬೈದು, ಸಂಜೆಯೊಳಗೆ ಒಂದು ಹೊಲಿದು ತಂದು ಕಟ್ಟಿದರು. ಮೂಲೆಯಲ್ಲಿ ನೀಲಿ ದಾರದಿಂದ ನನ್ನ ಹೆಸರಿನ ಮೊದಲ ಅಕ್ಷರ. ದಿನಕ್ಕೆ ಎರಡು ಸಲ ಬರುತ್ತಿದ್ದರು, ಬಂದರೆ ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಹೋಗುವಾಗ ತಮ್ಮ ಹಣೆಗೆ ಕೈಯ ಹಿಂಭಾಗ ಇಟ್ಟು ನೋಡಿಕೊಳ್ಳುತ್ತಿದ್ದರು. ನನಗಿನ್ನೂ ಬರಲಿಲ್ಲ ನೋಡಿ ಎನ್ನುತ್ತಿದ್ದರು. ಕೆಲವರಿಗೆ ತಡವಾಗುತ್ತದೆ ಎಂದು ನಾನು ಪರದೆಯೊಳಗಿನಿಂದ ಹೇಳುತ್ತಿದ್ದೆ.

ಲೆಕ್ಕ ನನಗೆ ಬಾಯಿಪಾಠವಿತ್ತು. ಜ್ವರ ಬಂದ ದಿನ ಹಡಗಿಗೆ ಹದಿನೇಳು ದಿನ ಬಾಕಿ, ಅವರಿಗೆ ಬೇಕಾದದ್ದು ಹನ್ನೆರಡು. ಐದು ದಿನ ನನ್ನ ಕೈಯಲ್ಲಿತ್ತು. ಆ ಐದರಲ್ಲಿ ಯಾವ ದಿನ ಬಾಯಿ ಬಿಟ್ಟಿದ್ದರೂ ಅವರು ಹಗ್ಗ ಬಿಚ್ಚಿ, ತಾವೇ ಬಿಗಿದು, ಮಲಗಿ, ಎದ್ದು, ಹಡಗು ಹತ್ತಬಹುದಿತ್ತು. ಮೊದಲ ದಿನ, ತಲೆ ಸಿಡಿಯುತ್ತಿದೆ, ನಾಳೆ ಹೇಳೋಣ ಎಂದುಕೊಂಡೆ. ಎರಡನೆಯ ದಿನ ಅವರು ಗಂಗಾಧರ ಚಿಕ್ಕವನಿದ್ದಾಗ ಅವಲಕ್ಕಿ ಡಬ್ಬಿಯೊಳಗೆ ತಲೆ ಸಿಕ್ಕಿಸಿಕೊಂಡ ಕಥೆ ಹೇಳಿದರು, ಮಧ್ಯದಲ್ಲಿ ತಡೆಯಲು ಮನಸ್ಸಾಗಲಿಲ್ಲ. ಮೂರನೆಯ ದಿನ ಅವರು ತಂದ ಗಂಜಿಗೆ ತುಪ್ಪ ಹಾಕಿದ್ದರು. ನಾಲ್ಕನೆಯ ದಿನ ನನಗೆ ಎಚ್ಚರವಿರಲಿಲ್ಲ. ಎಚ್ಚರವಾದಾಗ ಅವರು ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಿದ್ದರು, ಮತ್ತೆ ಎಚ್ಚರವಿಲ್ಲದವನಂತೆ ಮಲಗಿದೆ. ಐದನೆಯ ದಿನ ನನಗೆ ಪೂರ್ತಿ ಎಚ್ಚರವಿತ್ತು. ನೆಪ ಯಾವುದೂ ಇರಲಿಲ್ಲ. ಸುಮ್ಮನಿದ್ದೆ.

ಹೇಳಿದ್ದು ಹಡಗಿನ ಹಿಂದಿನ ದಿನ. ಧಕ್ಕೆಯಲ್ಲಿ ಹಡಗು ಬಂದು ನಿಂತಿತ್ತು. ಅವರ ಜಗಲಿಯ ಮೆಟ್ಟಿಲ ಮೇಲೆ ನಿಂತು, ನನಗೆ ಬಂದುಹೋದದ್ದು ನಿಮ್ಮ ಜ್ವರ ಎಂದೆ. ಮಿಷನ್ನು ನಿಂತಿತು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲ ದಿನವೇ."

ಅವರು ಬೆರಳಿನಲ್ಲಿ ಎಣಿಸಿದರು. ಐದಕ್ಕೆ ಬಂದು ನಿಲ್ಲಿಸಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ನಾನೇ ಮಾತು ಮುಂದುವರಿಸಿ, ಹಡಗು ಹತ್ತಲು ಬೇಕಾದ ಜ್ವರದ ಚೀಟಿ ಬರೆಯುವವನು ನಾನೇ, ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ, ಹಡಗಿನವರಿಗೆ ಗೊತ್ತಾಗುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದರು. ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿದ್ದರು.

"ಆ ಪದ್ಮನಾಭ ದ್ವೀಪಕ್ಕೆ ಹಾಗೇ ಹೋದದ್ದಲ್ವಾ, ಜ್ವರ ಮಲಗದೆ, ಸುಳ್ಳು ಚೀಟಿ ಹಿಡ್ಕೊಂಡು. ನಾನು ಹೊಲಿದ ಪರದೆಯಲ್ಲೇ ಸುತ್ತಿ ತಂದ್ರು. ಅಣ್ಣನಿಗೆ ಮುಖ ತೋರಿಸಲಿಕ್ಕೆ ಹೋಗುವುದು ನಾನು, ಅವನ ಎದುರು ಸಾಯಲಿಕ್ಕಲ್ಲ." ಮಿಷನ್ನಿನ ಮುಂದಿನಿಂದ ಎದ್ದು ಹೇಳಿದರು, "ನೀವು ಹೊರಡಿ. ಜ್ವರ ಮುಗಿಸಿದವರು ನೀವು. ಅವನು ಧಕ್ಕೆಗೆ ಬಂದು ನಿಂತಿರ್ತಾನೆ. ಹಡಗಿನಿಂದ ಯಾರೂ ಇಳಿಯದಿದ್ರೆ ಅವನು ಎಂತ ಅಂದ್ಕೊಳ್ಳುವುದು?"

ಮರುದಿನ ಅವರ ಚೀಲ ಹೊತ್ತು ಹಡಗು ಹತ್ತಿದೆ. ಹನ್ನೊಂದು ದಿನದ ಕಡಲು. ಜೊತೆಯ ಆರು ಜನ ದ್ವೀಪದ ಬಗ್ಗೆ ನನ್ನನ್ನು ಕೇಳಿದರು, ನಾನು ಹೊಟ್ಟೆ ತೊಳೆಸುತ್ತಿದೆ ಎಂದು ಹೇಳಿ ತಪ್ಪಿಸಿಕೊಂಡೆ.

ದ್ವೀಪದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಸೊಳ್ಳೆಗಳು ನಮ್ಮೂರಿನಷ್ಟೇ ದೊಡ್ಡವು. ಏಡಿಗಳು ಯಾರ ಮುಖವನ್ನೂ ನೋಡುವುದಿಲ್ಲ. ಬಿಸಿಲು ಹೆಚ್ಚು, ಸಿಹಿನೀರು ಕಡಿಮೆ, ಹವಳದ ಕಲ್ಲಿಗೆ ಬೂಟು ಬೇಕೇ ಬೇಕು. ಗಂಗಾಧರ ಧಕ್ಕೆಯಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ಕೈ ಅಡ್ಡ ಹಿಡಿದು, ಇಳಿದವರನ್ನು ಒಬ್ಬೊಬ್ಬರನ್ನಾಗಿ ಹತ್ತಿರದಿಂದ ನೋಡಿ ಬಿಡುತ್ತಿದ್ದ. ನಾನು ಕೊನೆಯವನು. ನನ್ನನ್ನು ನೋಡಿದ, ನನ್ನ ಹೆಗಲಿನಾಚೆ ನೋಡಿದ, ಮತ್ತೆ ನನ್ನನ್ನು ನೋಡಿದ. ನಾನು ವಾರಿಜಕ್ಕನ ಮನೆಯೆದುರಿನ ಕಚೇರಿಯ ಕಂಪೌಂಡರ್, ಅವರಿಗೆ ಜ್ವರ ಬರಲಿಲ್ಲ ಎಂದೆ. ಚೀಲ ಅವಳೇ ಕಟ್ಟಲಿಲ್ಲವೇ ಎಂದು ಕೇಳಿದ. ಬೆರಳಿಗೆ ಪೆಟ್ಟಾಗಿತ್ತು ಎಂದೆ. ಅವನೂ ನಮ್ಮೂರಿನವನೇ, ಚೀಲ ಯಾರ ಕೈಯಲ್ಲಿದೆ ಎಂದು ನೋಡಿ ಅರ್ಥಮಾಡಿಕೊಂಡ, ಮತ್ತೆ ಆ ವಿಷಯ ಎತ್ತಲಿಲ್ಲ.

ಹಡಗು ಅಲ್ಲಿ ಮೂರು ದಿನ ನಿಲ್ಲುತ್ತದೆ. ಗಂಗಾಧರನ ಕಣ್ಣಿಗೆ ದಿನಕ್ಕೆ ಒಂದೇ ಗಂಟೆಯ ಬೆಳಕು, ಬೆಳಿಗ್ಗೆ ಬಿಸಿಲು ನೇರ ಕಿಟಕಿಗೆ ಬೀಳುವಾಗ. ಆಮೇಲೆ ಎಲ್ಲ ಮಸುಕು. ಆ ಗಂಟೆಯಲ್ಲಿ ಅವನು ನನ್ನನ್ನು ಕಿಟಕಿಯ ಎದುರು ಕೂರಿಸಿ, ಒಂದು ಗೇಣು ದೂರದಿಂದ ನನ್ನ ಮುಖವನ್ನು ನೋಡುತ್ತ ಕೂರುತ್ತಿದ್ದ. ಮೊದಲ ದಿನ ನನಗೆ ನಗು ಬಂತು. ಎರಡನೆಯ ದಿನ ಬರಲಿಲ್ಲ. ತಂಗಿಗೆಂದು ಉಳಿಸಿಟ್ಟ ಬೆಳಕನ್ನು ಅವನು ಶೇವಿಂಗ್ ಮಾಡದ ನನ್ನ ಗಡ್ಡದ ಮೇಲೆ ಮುಗಿಸುತ್ತಿದ್ದ.

ಮೂರನೆಯ ಬೆಳಿಗ್ಗೆ ಕೇಳಿದ. "ಹದಿನಾಲ್ಕು ದಿನದ ಹಿಂದೆ ನೀವು ಅವಳನ್ನು ನೋಡಿದ್ದೀರಿ. ಹೇಗಿದ್ದಾಳೆ ಹೇಳಿ. ನೋಡಿದ ಹಾಗೇ ಹೇಳಬೇಕು."

ಸುಳ್ಳು ಹೇಳಬಾರದು ಎಂದು ನಿಜವಾಗಿ ಅಂದುಕೊಂಡೆ. ಕಣ್ಣು ಮುಚ್ಚಿ ನನ್ನ ಕಿಟಕಿಯಿಂದ ಕಾಣುವುದನ್ನೇ ಹೇಳಿದೆ. ಮುಖ ದುಂಡಗಿದೆ, ಕೆನ್ನೆ ತುಂಬಿಕೊಂಡಿದೆ, ನಕ್ಕರೆ ಬಲಗಡೆ ಗುಳಿ ಬೀಳುತ್ತದೆ. ಕೂದಲು ಒಂದು ಕೈಯಲ್ಲಿ ಹಿಡಿಯಲಾಗದಷ್ಟು, ಕಪ್ಪಗಿದೆ. ಮಿಷನ್ನು ತುಳಿಯುವಾಗ ತಲೆ ಒಂದು ಪಕ್ಕಕ್ಕೆ ವಾಲಿಸುತ್ತಾರೆ, ದಾರ ಹಲ್ಲಿನಿಂದ ಕಚ್ಚಿ ಕತ್ತರಿಸುತ್ತಾರೆ, ಆಗ ಹುಬ್ಬು ಎರಡೂ ಮೇಲೆ ಹೋಗುತ್ತವೆ. ಗಂಗಾಧರ ಬಾಯಿ ತೆರೆದು ಕೇಳುತ್ತಿದ್ದ. ಹುಬ್ಬಿನ ಮಾತಿಗೆ ಗಟ್ಟಿಯಾಗಿ ನಕ್ಕ. ಅಮ್ಮನೂ ಹಾಗೇ ಎಂದ. ಕಣ್ಣು ಮುಚ್ಚಿಕೊಂಡು, ಸಾಕು, ಇಟ್ಟುಕೊಂಡೆ ಎಂದ.

ವಾಪಸು ಬರುವ ಹಡಗಿನಲ್ಲಿ, ಮೂರೋ ನಾಲ್ಕೋ ದಿನ ಕಳೆದ ಮೇಲೆ, ಕನ್ನಡಕದ ವಿಷಯ ಹೇಳಲಿಲ್ಲವಲ್ಲ ಎಂದು ನೆನಪಾಯಿತು. ನರೆತ ಕೂದಲಿನ ವಿಷಯವೂ ಹೇಳಿರಲಿಲ್ಲ. ಕೆನ್ನೆ ಇಳಿದು ಎಲುಬು ಕಾಣುವುದನ್ನೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಹೇಳುವಾಗ ಅವು ನನಗೆ ಕಂಡಿರಲಿಲ್ಲ.

ಊರಿಗೆ ಬಂದಾಗ ವಾರಿಜಕ್ಕ ಅಂಗಿ ಸರಿಯಾಯಿತೇ ಎಂದು ವಿಚಾರಿಸಿದರು. ಭುಜ ಸ್ವಲ್ಪ ಬಿಗಿ ಎಂದೆ. ಉಪ್ಪಿನಕಾಯಿ ಒಡೆಯದೆ ತಲುಪಿತೇ ಎಂದರು. ತಲುಪಿತು ಎಂದೆ. ಅವನಿಗೆ ಕಣ್ಣು ಕಾಣುತ್ತಿತ್ತೇ ಎಂದು ಕೇಳಿದರು. ದಿನಕ್ಕೆ ಒಂದು ಗಂಟೆ ಎಂದೆ. ಆ ಗಂಟೆಯಲ್ಲಿ ಅವನು ನೋಡಿದ್ದೇನೆಂದು ಅವರು ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಒಣಮೀನಿನ ದೋಣಿಯಲ್ಲಿ ಕಾಗದ ಬಂತು, ಎರಡನೆಯ ಕಣ್ಣೂ ಮುಗಿಯಿತೆಂದು.

ಮುಂದಿನ ವರ್ಷ ವಾರಿಜಕ್ಕ ಹೋದರು. ಕಣ್ಣಿಲ್ಲದಿದ್ದರೇನು, ಅಣ್ಣನಲ್ಲವೇ. ಚೀಲ ಬಿಗಿಯುವಾಗ ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಹೊರಗೆ ನಿಂತಿದ್ದೆ. ಮೂರನೆಯ ದಿನಕ್ಕೆ ಸರಿಯಾಗಿ ಜ್ವರ ಬಂತು. ಗಂಜಿ ಮಾಡಿಕೊಂಡು ಹೋದೆ. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ಪಾತ್ರೆ ತೆಗೆದುಕೊಂಡರು. ಒಂಬತ್ತು ದಿನವೂ ಬಾಗಿಲಲ್ಲೇ ಕೊಟ್ಟು ಬಂದೆ. ಹತ್ತನೆಯ ದಿನ ಅವರ ಹೆಸರಿಗೆ ಚೀಟಿ ಬರೆದೆ. ನನ್ನ ಕೈಯಿಂದ ಹೊರಟ ಚೀಟಿಗಳಲ್ಲಿ ಅಷ್ಟು ದುಂಡಗಿನ ಅಕ್ಷರ ಇನ್ನೊಂದರಲ್ಲಿ ಇಲ್ಲ.

ಇಪ್ಪತ್ತೈದು ದಿನಕ್ಕೆ ಹಡಗು ವಾಪಸು ಬಂತು. ಅವರು ಮನೆಗೂ ಹೋಗದೆ ನೇರ ಕಚೇರಿಗೆ ಬಂದು, ರೋಗಿಗಳು ಕೂರುವ ಬೆಂಚಿನ ಮೇಲೆ ಕೂತರು. ಬಿಸಿಲಿಗೆ ಕಪ್ಪಾಗಿದ್ದರು. ನೀರು ಕೊಟ್ಟೆ. ಅಣ್ಣ ಚೆನ್ನಾಗಿದ್ದಾನೆ, ಕತ್ತಲಲ್ಲೇ ಭಟ್ಟಿಯ ಕೆಲಸ ಕಲಿತುಕೊಂಡಿದ್ದಾನೆ, ಮೂರು ದಿನವೂ ಬಿಸಿ ಬ್ರೆಡ್ಡು ತಿನ್ನಿಸಿದ ಎಂದರು. ಆಮೇಲೆ ಲೋಟ ಕೆಳಗಿಟ್ಟರು.

"ಅಣ್ಣ ನನ್ನ ಮುಖ ಮುಟ್ಟಿ ನೋಡಿದ ಕಂಪೌಂಡರ್ರೆ. ನೋಡಿ, ನಿನ್ನ ಕೆನ್ನೆ ಎಲ್ಲಿಗೆ ಹೋಯ್ತು ಅಂತ ಕೇಳಿದ. ಕನ್ನಡಕ ಯಾವಾಗ ಬಂತು ಅಂತ ಕೇಳಿದ. ಮಳೆಗಾಲದಲ್ಲಿ ಕಾಯಿಲೆ ಬಂದು ಇಳಿದುಹೋದೆ ಅಂತ ಹೇಳಿದೆ. ನಿಮ್ಮ ಸುಳ್ಳು ಮುಚ್ಚಲಿಕ್ಕೆ ನಾನೊಂದು ಹೇಳಬೇಕಾಯ್ತು."

ನಾನು ಮಾತ್ರೆಯ ಡಬ್ಬಿಗಳನ್ನು ಸರಿಸಿ ಜೋಡಿಸುತ್ತಿದ್ದೆ.

"ಅವನಿಗೆ ಬೇಜಾರಾಗಲಿಲ್ಲ. ಆಗ ನೀನು ಚೆಂದ ಇದ್ದಿ, ನನಗೆ ಗೊತ್ತುಂಟು, ಅಂದ. ಮೂರು ದಿನವೂ ನನ್ನ ಕಡೆಗೆ ತಿರುಗಿಯೇ ಮಾತಾಡಿದ. ಆದ್ರೆ ಮಾತಾಡ್ತಿದ್ದದ್ದು ಅವಳ ಹತ್ತಿರ, ನೀವು ಹೇಳಿ ಬಂದವಳ ಹತ್ತಿರ." ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಅದು ಯಾರು, ಆ ದುಂಡು ಕೆನ್ನೆಯವಳು?"

ನನ್ನ ಜೀವಮಾನದಲ್ಲಿ ಕಟ್ಟಿದ ಕಥೆಗಳೆಲ್ಲ ಸುಳ್ಳು, ಅದೊಂದು ಮಾತ್ರ ಸುಳ್ಳಾಗಿರಲಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಎದುರು ಜಗಲಿಯಲ್ಲಿ ಹೊಸ ಮಿಷನ್ನಿನ ಮುಂದೆ ಕೂತವರು ನನ್ನ ಕಣ್ಣಿಗೆ ಒಂದು ದಿನವೂ ಬದಲಾದದ್ದಿಲ್ಲ. ಅದನ್ನು ಹಾಗೆಯೇ ಹೇಳಿದ್ದರೆ ಸಾಕಿತ್ತು. ಮಾತು ಬಾಯಿಯವರೆಗೂ ಬಂತು.

"ಹಾಗೇ, ಬಾಯಿಗೆ ಬಂದದ್ದು ಹೇಳಿದ್ದು," ಎಂದೆ.

ಅವರು ಕನ್ನಡಕ ಹಾಕಿಕೊಂಡು ಎದ್ದರು. ಆಮೇಲೆ ಚೀಲ ಎತ್ತಿಕೊಂಡು ರಸ್ತೆ ದಾಟಿದರು.